ಡ್ಯೂಟಿಯಲ್ಲಿದ್ದಾಗ ಕುಡಿದ ಚಾಲಕ ಗುದ್ದಿದರೆ ಕಾನೂನಿನಲ್ಲಿ ಏನೇನು ದಾರಿಗಳಿವೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ ಗುಡಿಸುವವರು, ಡಾಂಬರು ಹಾಕುವವರು, ಲೋಡ್ ಇಳಿಸುವವರು, ಡೆಲಿವರಿ ಹುಡುಗರು, ಸೇಲ್ಸ್‌ನವರು, ಲಾರಿ ಚಾಲಕರು, ಟ್ರಾಫಿಕ್ ಪೊಲೀಸರು. ರಸ್ತೆಯಲ್ಲೇ ಅಥವಾ ರಸ್ತೆಯ ಪಕ್ಕದಲ್ಲೇ ದುಡಿಯುವವರು ಕೇಳುವ ಪ್ರಶ್ನೆಗಳಿವು. ಇಲ್ಲಿ ಹೇಳಿರುವುದೆಲ್ಲ ಭಾರತದ ಕಾನೂನು. ನಿಮ್ಮ ಕೇಸಿಗೆ ವಕೀಲರ ಸಲಹೆ ಬೇಕೇ ಬೇಕು. ಆದರೆ ವಕೀಲರ ಮುಂದೆ ಕೂರುವ ಮೊದಲು ಇಷ್ಟು ಗೊತ್ತಿದ್ದರೆ ಯಾರೂ ನಿಮ್ಮನ್ನು ಸುಲಭಕ್ಕೆ ಏಮಾರಿಸಲಾರರು.

ಕೆಲಸದಲ್ಲಿದ್ದಾಗ ಕುಡಿದವನೊಬ್ಬ ಗುದ್ದಿದ. ನಾನು ಯಾರನ್ನು ಕೇಳಬೇಕು? ಅವನನ್ನೋ, ನಮ್ಮ ಮಾಲೀಕರನ್ನೋ?

ಇಬ್ಬರನ್ನೂ ಕೇಳುವ ಹಕ್ಕು ನಿಮಗಿದೆ. ಗುದ್ದಿದ ಗಾಡಿಯ ಚಾಲಕ, ಅದರ ಮಾಲೀಕ ಮತ್ತು ಅದರ ಇನ್ಶೂರೆನ್ಸ್ ಕಂಪನಿಯ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166 ಇದಕ್ಕೇ ಇರುವುದು. ಇನ್ನೊಂದು ಕಡೆ, ಏಟು ಬಿದ್ದದ್ದು ಕೆಲಸದ ಹೊತ್ತಿನಲ್ಲಿ, ಕೆಲಸದ ಕಾರಣಕ್ಕೆ ಆಗಿದ್ದರೆ ನಿಮ್ಮ ಮಾಲೀಕರೂ ಪರಿಹಾರ ಕೊಡಬೇಕು. ತಪ್ಪು ಮಾಡಿದ್ದು ಮಾಲೀಕರಲ್ಲ, ಯಾರೋ ಹೊರಗಿನವನು ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಪೊಲೀಸ್ ಕೇಸು ಬೇರೆಯದೇ. ಅದು ಸರ್ಕಾರ ಚಾಲಕನ ಮೇಲೆ ಹಾಕುವ ಕೇಸು. ಅದರಿಂದ ಅವನಿಗೆ ಶಿಕ್ಷೆ ಆಗಬಹುದು, ನಿಮ್ಮ ಕೈಗೆ ದುಡ್ಡು ಬರುತ್ತದೆ ಎಂದು ಕಾಯಬೇಡಿ.

ಹಾಗಾದರೆ ಎರಡೂ ಕಡೆಯಿಂದ ಪರಿಹಾರ ತೆಗೆದುಕೊಳ್ಳಬಹುದಾ?

ಆಗುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 167 ಹೇಳುವುದಿಷ್ಟು: ಒಂದೇ ಗಾಯಕ್ಕೆ ಮೋಟಾರು ಕಾನೂನಿನಲ್ಲೂ ಕಾರ್ಮಿಕ ಪರಿಹಾರದ ಕಾನೂನಿನಲ್ಲೂ ಹಕ್ಕಿದ್ದರೆ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ, ಎರಡೂ ಇಲ್ಲ. ಒಂದು ಕಡೆ ಅರ್ಜಿ ಹಾಕಿ, ಪರಿಹಾರ ಪಡೆದು, ಕಡಿಮೆಯಾಯಿತು ಎಂದು ಇನ್ನೊಂದು ಕಡೆ ಹೋದರೆ ವಾಪಸ್ ಕಳಿಸುತ್ತಾರೆ.

ಅದಕ್ಕೇ ಮೊದಲು ಲೆಕ್ಕ, ಆಮೇಲೆ ಸಹಿ. ಮಾಲೀಕರ ಕಡೆಯವರು ‘ನಮ್ಮ ಪಾಲಿಸಿಯಲ್ಲೇ ಮಾಡಿಸಿಕೊಡುತ್ತೇವೆ, ಇಲ್ಲೊಂದು ಸೈನ್ ಹಾಕಿ’ ಎಂದು ಫಾರಂ ತಂದರೆ ಅದು ಯಾವ ಕಾಯ್ದೆಯ ಫಾರಂ ಎಂದು ಕೇಳಿ. ಅವರು ಒಳ್ಳೆಯ ಮನಸ್ಸಿನಿಂದಲೇ ತಂದಿರಬಹುದು. ಆದರೂ ಕೇಳಿ.

ಯಾವುದರಲ್ಲಿ ಜಾಸ್ತಿ ಸಿಗುತ್ತದೆ?

ಒಂದು ಉದಾಹರಣೆ ಹಾಕಿ ನೋಡೋಣ. 30 ವರ್ಷದ ಕೆಲಸಗಾರ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇಲ್ಲ. ಸಂಬಳ ತಿಂಗಳಿಗೆ 20,000 ರೂಪಾಯಿ. ಕಾಲಿಗೆ ಏಟು ಬಿದ್ದು ದುಡಿಯುವ ಶಕ್ತಿ ಶಾಶ್ವತವಾಗಿ ಶೇ. 30ರಷ್ಟು ಕಡಿಮೆಯಾಗಿದೆ ಎಂದುಕೊಳ್ಳಿ.

ಕಾರ್ಮಿಕ ಪರಿಹಾರದಲ್ಲಿ ಸಂಬಳದ ಶೇ. 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. 30 ವರ್ಷಕ್ಕೆ ಆ ಅಂಕಿ 207.98. ಆದರೆ ಸಂಬಳ ಎಷ್ಟೇ ಇರಲಿ, 2020ರ ಅಧಿಸೂಚನೆಯ ಪ್ರಕಾರ ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. ಅದರ ಶೇ. 60 ಎಂದರೆ 9,000. ಗುಣಿಸಿದರೆ 18,71,820. ಅದರಲ್ಲಿ ಶೇ. 30 ಅಂದರೆ 5,61,546 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ.

ಮೋಟಾರು ನ್ಯಾಯಮಂಡಳಿಯಲ್ಲಿ ಪೂರ್ತಿ 20,000 ಹಿಡಿಯುತ್ತಾರೆ. 40 ವರ್ಷದೊಳಗಿನ, ಕಾಯಂ ಅಲ್ಲದ ಕೆಲಸಗಾರನಿಗೆ ಮುಂದೆ ಸಂಬಳ ಏರುತ್ತಿತ್ತು ಎಂದು ಶೇ. 40 ಸೇರಿಸುತ್ತಾರೆ. ಇದು 2017ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಾಕಿಕೊಟ್ಟ ಲೆಕ್ಕ. ಅಲ್ಲಿಗೆ ತಿಂಗಳಿಗೆ 28,000, ವರ್ಷಕ್ಕೆ 3,36,000. 26ರಿಂದ 30 ವರ್ಷದವರಿಗೆ ಗುಣಕ 17. ಒಟ್ಟು 57,12,000. ಅದರ ಶೇ. 30 ಅಂದರೆ 17,13,600 ರೂಪಾಯಿ. ಇದರ ಮೇಲೆ ಚಿಕಿತ್ಸೆ, ನೋವು, ಮನೆಯಲ್ಲಿ ಕೂತ ತಿಂಗಳುಗಳ ಸಂಬಳ, ನೋಡಿಕೊಂಡವರ ಖರ್ಚು, ಬಡ್ಡಿ ಎಲ್ಲ ಸೇರುತ್ತವೆ.

ಮೂರು ಪಟ್ಟು ವ್ಯತ್ಯಾಸ! ಎದುರಿನ ಚಾಲಕನದ್ದೇ ತಪ್ಪು, ಗಾಡಿಗೆ ಇನ್ಶೂರೆನ್ಸ್ ಇದೆ ಎಂದಾದರೆ ಸಾಮಾನ್ಯವಾಗಿ ಮೋಟಾರು ನ್ಯಾಯಮಂಡಳಿಯೇ ಲಾಭ.

ಡಾಕ್ಟರು ಶೇ. 45 ಅಂಗವೈಕಲ್ಯ ಅಂತ ಬರೆದಿದ್ದಾರೆ. ಅಷ್ಟನ್ನೂ ಹಿಡಿಯುತ್ತಾರಾ?

ಹಾಗೇ ಹಿಡಿಯುವುದು ಕಡಿಮೆ. ಆ ಶೇ. 45 ಒಂದು ಕಾಲಿಗೋ ಕೈಗೋ ಸಂಬಂಧಿಸಿದ್ದು. ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ಅದರ ಮೂರನೇ ಒಂದು ಭಾಗ ಹಿಡಿದು ಶೇ. 15 ಎನ್ನುವುದು ಬಹಳ ಕಡೆ ರೂಢಿ. ಇಲ್ಲಿ ಸುಮ್ನೆ ಕೂರಬಾರದು. ಸರ್ಟಿಫಿಕೇಟಿನ ಅಂಕಿಗಿಂತ ಆ ಗಾಯ ನಿಮ್ಮ ದುಡಿಮೆಗೆ ಎಷ್ಟು ಪೆಟ್ಟು ಕೊಟ್ಟಿದೆ ಎನ್ನುವುದೇ ಮುಖ್ಯ ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಂಡಿ ಮಡಚಲು ಬಾರದಿದ್ದರೆ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವನು ಹೇಗೋ ಕೆಲಸ ಮುಂದುವರಿಸುತ್ತಾನೆ. ಮೂಟೆ ಹೊರುವವನ ಕೆಲಸ ಅಲ್ಲಿಗೆ ಮುಗಿಯಿತು, ಅಲ್ವಾ? ಆ ವ್ಯತ್ಯಾಸ ಸಾಕ್ಷ್ಯದಲ್ಲಿ ಬರಬೇಕು. ನೀವು ದಿನಾ ಏನು ಕೆಲಸ ಮಾಡುತ್ತಿದ್ದಿರಿ, ಎಷ್ಟು ತೂಕ ಎತ್ತುತ್ತಿದ್ದಿರಿ, ಎಷ್ಟು ಹೊತ್ತು ನಿಂತಿರುತ್ತಿದ್ದಿರಿ ಎಂಬುದನ್ನು ವಕೀಲರಿಗೆ ಬಿಡಿಸಿ ಹೇಳಿ.

ಮಾಲೀಕರ ದಾರಿ ಹಿಡಿಯುವುದು ಯಾವಾಗ ಒಳ್ಳೆಯದು?

ಗುದ್ದಿದ ಗಾಡಿ ಸಿಗದಿದ್ದಾಗ. ಸಿಕ್ಕಿದರೂ ಅದಕ್ಕೆ ಇನ್ಶೂರೆನ್ಸ್ ಇಲ್ಲದೆ, ಮಾಲೀಕನ ಹತ್ತಿರ ಕಿತ್ತುಕೊಳ್ಳಲು ಏನೂ ಇಲ್ಲದಿದ್ದಾಗ. ಅಥವಾ ತಪ್ಪಿನಲ್ಲಿ ನಿಮ್ಮ ಪಾಲೂ ದೊಡ್ಡದಿದ್ದಾಗ. ಕಾರ್ಮಿಕ ಪರಿಹಾರದಲ್ಲಿ ಯಾರ ತಪ್ಪು ಎಂಬ ಜಗ್ಗಾಟವೇ ಇಲ್ಲ. ಕೊಡಬೇಕಾದ ಹಣವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಮಾಲೀಕರಿಗೆ ಶೇ. 12 ಬಡ್ಡಿ ಬೀಳುತ್ತದೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಶೇ. 50ರವರೆಗೆ ದಂಡವೂ ಇದೆ. ಕೊಟ್ಟ ಹಣವನ್ನು ಅವರು ಆ ಕುಡಿದ ಚಾಲಕನಿಂದ ವಸೂಲಿ ಮಾಡಿಕೊಳ್ಳಬಹುದು, ಅದು ಅವರ ತಲೆನೋವು.

ಒಂದು ಮಾತು ನೆನಪಿಡಿ. 1923ರ ನೌಕರರ ಪರಿಹಾರ ಕಾಯ್ದೆ ಮತ್ತು 1948ರ ಇಎಸ್‌ಐ ಕಾಯ್ದೆ ಎರಡನ್ನೂ ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅಪಘಾತ ಅದಕ್ಕಿಂತ ಮೊದಲಿನದೋ ಆಮೇಲಿನದೋ ನೋಡಿಕೊಂಡು ಅರ್ಜಿ ಬರೆಯಬೇಕು.

ನನಗೆ ಇಎಸ್‌ಐ ಇದೆ. ಆಗ?

ಆಗ ಚಿತ್ರ ಸ್ವಲ್ಪ ಬದಲಾಗುತ್ತದೆ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ ಚಿಕಿತ್ಸೆ ಅಲ್ಲೇ ಆಗುತ್ತದೆ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಸುಮಾರು ಶೇ. 90 ಕೊಡುತ್ತಾರೆ. ಶಾಶ್ವತ ಊನವಾದರೆ ಎಷ್ಟು ಊನವೋ ಅಷ್ಟಕ್ಕೆ ತಕ್ಕಂತೆ ತಿಂಗಳು ತಿಂಗಳು ಹಣ ಬರುತ್ತದೆ. ಆದರೆ ಇಎಸ್‌ಐ ಇದ್ದವರು ಮಾಲೀಕರ ಹತ್ತಿರ ಬೇರೆ ಕಾರ್ಮಿಕ ಪರಿಹಾರ ಕೇಳುವಂತಿಲ್ಲ.

ಗುದ್ದಿದ ಗಾಡಿಯ ಮೇಲೆ ಕೇಸು ಹಾಕಬಹುದಾ ಎಂಬುದು ತಕರಾರಿನ ವಿಷಯ. ಹಳೆಯ ಇಎಸ್‌ಐ ಕಾಯ್ದೆಯ ಸೆಕ್ಷನ್ 53ರಲ್ಲಿ ‘ಬೇರೆ ಯಾವುದೇ ವ್ಯಕ್ತಿಯಿಂದಲೂ’ ಪರಿಹಾರ ಪಡೆಯುವಂತಿಲ್ಲ ಎಂಬ ಮಾತಿದೆ. ಇನ್ಶೂರೆನ್ಸ್ ಕಂಪನಿಗಳು ಅದನ್ನೇ ಹಿಡಿದು ವಾದ ಮಾಡುತ್ತವೆ. ಕೆಲಸಕ್ಕೆ ಸಂಬಂಧವೇ ಇಲ್ಲದ ಹೊರಗಿನವನನ್ನು ಈ ಮಾತು ಕಾಪಾಡಬಾರದು ಎನ್ನುವುದು ಕಾರ್ಮಿಕರ ಪರ ವಕೀಲರ ವಾದ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರು ಮಾಡಿ, ಜೀವ ಮುಖ್ಯ. ಆದರೆ ಶಾಶ್ವತ ಊನದ ಹಣಕ್ಕೆ ಅರ್ಜಿ ಹಾಕುವ ಮುಂಚೆ ಈ ಒಂದು ಪ್ರಶ್ನೆಯನ್ನಾದರೂ ವಕೀಲರ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ.

ಮೊದಲ ಎರಡು ದಿನದಲ್ಲಿ ಏನು ಮಾಡಬೇಕು?

ಕೇಸು ಗೆಲ್ಲುವುದೂ ಸೋಲುವುದೂ ಈ ಎರಡು ದಿನದ ಕಾಗದಗಳಲ್ಲೇ. ಆಸ್ಪತ್ರೆಗೆ ಸೇರಿಸಿದ ಕೂಡಲೇ ಎಂಎಲ್‌ಸಿ (ಪೊಲೀಸ್ ಕೇಸಾಗುವ ಗಾಯಗಳ) ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುತ್ತಾರೆ, ಗಾಯ ಹೇಗಾಯಿತು ಎಂದು. ಕರೆತಂದವರು ಗಾಬರಿಯಲ್ಲಿ ‘ಬೈಕಿಂದ ಬಿದ್ದ’ ಎಂದುಬಿಡುತ್ತಾರೆ. ಆ ಎರಡಕ್ಷರದ ‘ಬಿದ್ದ’ ಮುಂದೆ ಇನ್ಶೂರೆನ್ಸ್ ಕಂಪನಿಯ ದೊಡ್ಡ ಆಯುಧ. ಗುದ್ದಿದ್ದು ಕಾರು ಅಂತ ಈಗ ಹೇಳುತ್ತಿದ್ದೀರಿ, ಅವತ್ತು ತಾನೇ ಬಿದ್ದೆ ಅಂತ ಬರೆಸಿದ್ದಿರಲ್ಲ ಎಂದು ಪಾಟೀಸವಾಲಿನಲ್ಲಿ ಕೇಳುತ್ತಾರೆ. ಯಾವ ಗಾಡಿ ಗುದ್ದಿತು, ನಂಬರ್ ಏನು, ನೀವು ಆಗ ಯಾವ ಕೆಲಸದಲ್ಲಿದ್ದಿರಿ, ಇಷ್ಟನ್ನೂ ಡಾಕ್ಟರಿಗೆ ಹೇಳಿಸಿ. ಬರೆದದ್ದನ್ನು ಓದಿ ಹೇಳಿ ಎಂದು ಕೇಳಿ.

ಎಫ್‌ಐಆರ್ ಅದೇ ದಿನ ಆಗಲಿ. ನೀವು ಎದ್ದು ಹೋಗಲಾಗದಿದ್ದರೆ ಜೊತೆಗಿದ್ದ ಕೆಲಸಗಾರ ದೂರು ಕೊಡಬಹುದು. ಡ್ಯೂಟಿಯಲ್ಲಿದ್ದಿರಿ ಎನ್ನುವುದಕ್ಕೆ ಹಾಜರಿ ಪುಸ್ತಕದ ಫೋಟೊ, ಟ್ರಿಪ್ ಶೀಟು, ಗೇಟ್ ಪಾಸು, ಸೂಪರ್‌ವೈಸರ್ ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜು, ಆರ್ಡರ್ ತೋರಿಸುವ ಸ್ಕ್ರೀನ್‌ಶಾಟ್, ಏನಿದ್ದರೂ ಎತ್ತಿಡಿ. ಸುತ್ತಮುತ್ತ ಸಿಸಿಟಿವಿ ಕ್ಯಾಮೆರಾ ಇದ್ದರೆ ಅದರ ರೆಕಾರ್ಡಿಂಗ್ ಅಳಿಸಿಹೋಗುವ ಮೊದಲೇ ವಶಕ್ಕೆ ಪಡೆಯಿರಿ ಎಂದು ಪೊಲೀಸರಿಗೆ ಬರೆದು ಕೊಡಿ.

ಚಿಕಿತ್ಸೆಯ ದುಡ್ಡಿಗೆ ಪರದಾಡುತ್ತಿದ್ದರೆ, 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ.

ಅವನು ಕುಡಿದಿದ್ದ ಅಂತ ನಾನೇ ಸಾಬೀತು ಮಾಡಬೇಕಾ?

ಪರಿಹಾರಕ್ಕೆ ಅದು ಬೇಕಾಗಿಲ್ಲ. ಅವನು ಅಜಾಗರೂಕತೆಯಿಂದ ಓಡಿಸಿದ ಎಂದು ತೋರಿಸಿದರೆ ಸಾಕು. ಕುಡಿದಿದ್ದು ರುಜುವಾದರೆ ನಿಮ್ಮ ಕೈ ಇನ್ನಷ್ಟು ಬಲವಾಗುತ್ತದೆ, ಅಷ್ಟೆ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯ. ಕುಡಿದು ಓಡಿಸಿದವನನ್ನು ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು. ಹೊತ್ತು ಕಳೆದಷ್ಟೂ ರಕ್ತದಲ್ಲಿನ ಮದ್ಯ ಇಳಿಯುತ್ತದೆ. ಹಾಗಾಗಿ ಸ್ಥಳದಲ್ಲಿದ್ದವರು ‘ಮೊದಲು ಇವನಿಗೆ ಟೆಸ್ಟ್ ಮಾಡಿಸಿ’ ಎಂದು ಪಟ್ಟು ಹಿಡಿಯುವುದು ಒಳ್ಳೆಯದು. ದೊಡ್ಡ ಗಾಡಿಗಳ ಕೇಸಿನಲ್ಲಿ ಓಡಿಸಿದವನು ಒಬ್ಬ, ಠಾಣೆಗೆ ಹಾಜರಾಗುವವನು ಇನ್ನೊಬ್ಬ ಎನ್ನುವ ಕಥೆಯೂ ಇರುತ್ತದೆ. ಚಾಲಕನ ಸೀಟಿನಲ್ಲಿದ್ದವನ ಫೋಟೊ ಯಾರಾದರೂ ತೆಗೆದಿದ್ದರೆ ಅದಕ್ಕೆ ಬೆಲೆ ಕಟ್ಟಲಾಗದು.

ಕ್ರಿಮಿನಲ್ ಕೇಸಿನಲ್ಲಿ ಅವನು ಬಿಡುಗಡೆಯಾದರೂ ನಿಮ್ಮ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾಗಬೇಕು. ಇಲ್ಲಿ ಯಾವುದು ಹೆಚ್ಚು ನಂಬುವಂತಿದೆ ಎಂದಷ್ಟೇ ನೋಡುತ್ತಾರೆ.

ಚಾಲಕ ಕುಡಿದಿದ್ದ, ಅದಕ್ಕೇ ನಾವು ಕೊಡುವುದಿಲ್ಲ ಎಂದು ಇನ್ಶೂರೆನ್ಸ್‌ನವರು ಹೇಳಿದರೆ?

ಹೇಳುತ್ತಾರೆ. 2019ರ ತಿದ್ದುಪಡಿಯಲ್ಲಿ ಕುಡಿದು ಓಡಿಸುವುದನ್ನು ಪಾಲಿಸಿಯ ಷರತ್ತು ಮುರಿದ ಕಾರಣಗಳ ಪಟ್ಟಿಗೆ ಸೇರಿಸಿದ್ದಾರೆ. ಆದರೆ ಷರತ್ತು ಮುರಿದವನು ಗಾಡಿಯವನು, ನೀವಲ್ಲ. ರಸ್ತೆಯಲ್ಲಿದ್ದ ಮೂರನೆಯವನಿಗೆ ಮೊದಲು ಕಂಪನಿ ಕೊಡಲಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶ ಮಾಡುತ್ತಾ ಬಂದಿವೆ. ಕುಡಿದು ಓಡಿಸಿದ ಪ್ರಕರಣದಲ್ಲೇ ಕೇರಳ ಹೈಕೋರ್ಟ್ 2023ರಲ್ಲಿ ಹೀಗೇ ಹೇಳಿದೆ. ಕಂಪನಿಯ ಏಜೆಂಟು ಫೋನಿನಲ್ಲಿ ‘ಕ್ಲೇಮು ಬರಲ್ಲ’ ಎಂದ ಮಾತ್ರಕ್ಕೆ ಅರ್ಜಿ ಹಾಕುವುದನ್ನು ಬಿಡಬೇಡಿ.

ಕುಡಿದು ಓಡಿಸಿದವನು ನಮ್ಮ ಕಂಪನಿಯ ಚಾಲಕನೇ ಆಗಿದ್ದರೆ?

ಅವನು ಕೆಲಸದ ಮೇಲೆ ಓಡಿಸುತ್ತಿದ್ದರೆ ಅವನ ತಪ್ಪಿಗೆ ಮಾಲೀಕರೂ ಹೊಣೆ. ಈ ಕೇಸಿನಲ್ಲಿ ಗಾಡಿಯ ಮಾಲೀಕರೂ ನಿಮ್ಮ ಮಾಲೀಕರೂ ಒಬ್ಬರೇ. ಹಾಗಿದ್ದರೂ ಎರಡು ದಾರಿಯಲ್ಲಿ ಒಂದನ್ನು ಆರಿಸಬೇಕೆಂಬ ನಿಯಮ ಬದಲಾಗದು. ಇಲ್ಲೊಂದು ತೊಡಕಿದೆ. ಸರಕು ಸಾಗಿಸುವ ಗಾಡಿಯ ಹಿಂದೆ ಸುಮ್ಮನೆ ಹತ್ತಿಕೊಂಡು ಬಂದವರಿಗೆ ಪಾಲಿಸಿಯಿಂದ ಪರಿಹಾರ ಸಿಗುವುದಿಲ್ಲ. ಅದೇ ಗಾಡಿಯ ಕೆಲಸಗಾರರಾಗಿ, ಅಂದರೆ ಲೋಡ್ ಹಾಕುವವರೋ ಕ್ಲೀನರೋ ಆಗಿ ಹೋಗುತ್ತಿದ್ದರೆ ಲೆಕ್ಕ ಬೇರೆ. ಅದಕ್ಕೇ ಹೇಳಿಕೆಯಲ್ಲಿ ‘ಗಾಡಿಯಲ್ಲಿ ಹೋಗುತ್ತಿದ್ದೆ’ ಎಂದು ಬರೆಸಿ ಸುಮ್ಮನಾಗಬೇಡಿ. ಯಾವ ಕೆಲಸಕ್ಕೆ, ಯಾರು ಕಳಿಸಿದ್ದಕ್ಕೆ ಹೋಗುತ್ತಿದ್ದಿರಿ ಎನ್ನುವುದೂ ಬರಲಿ.

ಗುದ್ದಿದ ಗಾಡಿ ನಿಲ್ಲಿಸದೆ ಓಡಿಹೋಯಿತು.

ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರದ ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ತೀರಾ ಕಡಿಮೆ. ಇಂಥ ಹೊತ್ತಲ್ಲಿ ಕಾರ್ಮಿಕ ಪರಿಹಾರವೋ ಇಎಸ್‌ಐಯೋ ನಿಮ್ಮ ಮುಖ್ಯ ಆಸರೆ.

ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಆದರೆ ಅದು ‘ಕೆಲಸದಲ್ಲಿ’ ಎಂದು ಲೆಕ್ಕವಾ?

ಈಗ ಹೆಚ್ಚುಕಡಿಮೆ ಹೌದು. 2003ರಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು ಬೆಳಗಿನ ಜಾವ 3 ಗಂಟೆಯ ಪಾಳಿಗೆ ಬೈಕಿನಲ್ಲಿ ಹೋಗುವಾಗ, ಕಾರ್ಖಾನೆ ಇನ್ನೂ ಸುಮಾರು 5 ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಆ ಕೇಸು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಹೊತ್ತು, ಜಾಗ, ಸಂದರ್ಭಗಳಿಗೆ ಕೆಲಸದ ಜೊತೆ ನಂಟಿದ್ದರೆ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯೂ ಸೇರುತ್ತದೆ ಎಂದು ಕೋರ್ಟು ಹೇಳಿತು. ಕುಟುಂಬ 22 ವರ್ಷ ಕಾಯಬೇಕಾಯಿತು ಎನ್ನುವುದು ಬೇರೆ ಮಾತು. ದಾರಿ ತಪ್ಪಿಸಿ ಸ್ವಂತ ಕೆಲಸಕ್ಕೆ ಹೋಗಿದ್ದರೆ ಮಾತ್ರ ಕಷ್ಟ. ಮೋಟಾರು ನ್ಯಾಯಮಂಡಳಿಗೆ ಹೋದರೆ ಈ ಪ್ರಶ್ನೆಯೇ ಬರುವುದಿಲ್ಲ.

ನಾನು ದಿನಗೂಲಿ. ಸ್ಯಾಲರಿ ಸ್ಲಿಪ್ ಇಲ್ಲ. ನನ್ನ ಸ್ನೇಹಿತ ಆ್ಯಪ್‌ನಲ್ಲಿ ಡೆಲಿವರಿ ಮಾಡುತ್ತಾನೆ. ನಮಗೆಲ್ಲ ಸಿಗುತ್ತದಾ?

ಮೋಟಾರು ನ್ಯಾಯಮಂಡಳಿಗೆ ನೀವು ಯಾರ ಕೈಕೆಳಗಿದ್ದೀರಿ ಎನ್ನುವುದು ಮುಖ್ಯವಲ್ಲ. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ಅಂದಾಜು ಆದಾಯ ಹಿಡಿಯುತ್ತಾರೆ, ಅದು ಸಾಮಾನ್ಯವಾಗಿ ನಿಜವಾದ ದುಡಿಮೆಗಿಂತ ಕಡಿಮೆಯೇ ಇರುತ್ತದೆ. ಆದ್ದರಿಂದ ಫೋನ್‌ಪೇಯಲ್ಲಿ ಬಂದ ಕೂಲಿ, ಬ್ಯಾಂಕ್ ಪಾಸ್‌ಬುಕ್, ಆ್ಯಪ್‌ನ ವಾರದ ಗಳಿಕೆಯ ಪಟ್ಟಿ, ಮೇಸ್ತ್ರಿಯ ಲೆಕ್ಕದ ಪುಸ್ತಕ ಇವೆಲ್ಲ ಸಾಕ್ಷ್ಯವೇ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರು ಗುತ್ತಿಗೆ ಕೊಟ್ಟ ಮೂಲ ಕಂಪನಿಯಿಂದಲೂ ಕಾರ್ಮಿಕ ಪರಿಹಾರ ಕೇಳಬಹುದು. ಆ್ಯಪ್ ಕಂಪನಿಗಳು ತಮ್ಮ ಹುಡುಗರನ್ನು ನೌಕರರೆಂದು ಒಪ್ಪುವುದಿಲ್ಲ, ಅಲ್ಲಿ ಮಾಲೀಕರ ದಾರಿ ಕಷ್ಟ. ಕಂಪನಿ ಅಪಘಾತ ವಿಮೆ ಮಾಡಿಸಿದ್ದರೆ ಅದನ್ನು ಬೇರೆಯಾಗಿ ಕೇಳಿ. ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮ್ಮ ಬ್ಯಾಂಕ್ ಖಾತೆಯಲ್ಲಿದೆಯಾ ನೋಡಿ. ಸಾವು ಅಥವಾ ಪೂರ್ಣ ಶಾಶ್ವತ ಊನಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಊನಕ್ಕೆ 1 ಲಕ್ಷ.

ಗಾಡಿ ಮಾಲೀಕ ಆಸ್ಪತ್ರೆಗೇ ಬಂದು 50,000 ಕೊಡುತ್ತೇನೆ, ಕೇಸು ಬೇಡ ಅಂತಿದ್ದಾನೆ.

ಆಪರೇಷನ್ ಇನ್ನೂ ಆಗಿರುವುದಿಲ್ಲ, ಮನೆಯವರ ಕೈ ಖಾಲಿ. ಆಗಲೇ ಬರುತ್ತಾರೆ. ಮೂಳೆ ಕೂಡುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ಗಾಯಕ್ಕೆ ಬೆಲೆ ಕಟ್ಟುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಚಿಕಿತ್ಸೆಗೆಂದು ಕೊಟ್ಟರೆ ತೆಗೆದುಕೊಳ್ಳಿ, ‘ಚಿಕಿತ್ಸೆಗೆ ಮುಂಗಡ’ ಎಂದೇ ಬರೆದು ಕೊಡಿ. ‘ಪೂರ್ತಿ ಇತ್ಯರ್ಥವಾಗಿದೆ’ ಎಂಬ ಕಾಗದಕ್ಕೂ ಖಾಲಿ ಬಾಂಡ್ ಪೇಪರಿಗೂ ಸಹಿ ಬೇಡ.

ಇನ್ಶೂರೆನ್ಸ್ ಕಂಪನಿಯ ರಾಜಿಯಲ್ಲೂ ಎಚ್ಚರ ಬೇಕು. ಯಾರ ತಪ್ಪು ಎಂದು ನೋಡದೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಕೊಡುವ ಸೆಕ್ಷನ್ 164 ಇದೆ. ಆ ಹಣವನ್ನು ರಾಜಿಯಲ್ಲಿ ಒಪ್ಪಿಕೊಂಡರೆ ಸೆಕ್ಷನ್ 166ರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಮೇಲಿನ ಲೆಕ್ಕದ 17 ಲಕ್ಷವನ್ನು ಒಮ್ಮೆ ನೆನಪಿಸಿಕೊಳ್ಳಿ. ಗಾಯ ವಾಸಿಯಾಗಿ, ಊನ ಎಷ್ಟೆಂದು ಗೊತ್ತಾದ ಮೇಲೆ ಲೋಕ ಅದಾಲತ್‌ನಲ್ಲಿ ನ್ಯಾಯವಾದ ಮೊತ್ತಕ್ಕೆ ರಾಜಿಯಾಗುವುದರಲ್ಲಿ ತಪ್ಪೇನಿಲ್ಲ, ಹಣ ಬೇಗ ಬರುತ್ತದೆ.

ಅವತ್ತು ನಾನೂ ಸ್ವಲ್ಪ ಕುಡಿದಿದ್ದೆ.

ವಕೀಲರಿಗೆ ಮುಚ್ಚಿಡಬೇಡಿ, ಆಸ್ಪತ್ರೆಯ ದಾಖಲೆಯಲ್ಲಿ ಹೇಗೂ ಬರುತ್ತದೆ. ನೀವು ಕುಡಿದದ್ದರಿಂದಲೇ ಗಾಯವಾಯಿತು ಎಂದಾದರೆ ಮಾಲೀಕರು ಪರಿಹಾರ ಕೊಡಬೇಕಾಗಿಲ್ಲ. ಸಾವು ಅಥವಾ ಪೂರ್ಣ ಶಾಶ್ವತ ಊನ ಆಗಿದ್ದರೆ ಮಾತ್ರ ಆ ನೆಪ ನಡೆಯದು. ಮೋಟಾರು ನ್ಯಾಯಮಂಡಳಿಯಲ್ಲಿ ನಿಮ್ಮ ತಪ್ಪಿನ ಪಾಲೆಷ್ಟೋ ಅಷ್ಟು ಕಳೆಯುತ್ತಾರೆ. ನಿಂತಿದ್ದ ನಿಮಗೆ ಅವನೇ ಬಂದು ಗುದ್ದಿದ್ದರೆ ನೀವು ಕುಡಿದಿದ್ದರಿಂದ ಏನೂ ಬದಲಾಗಬಾರದು.

ಅವನಿಗೆ ಜೈಲಾಗುತ್ತದಾ?

ಕುಡಿದು ಓಡಿಸಿದ್ದಕ್ಕೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ತೀವ್ರ ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 125ರಲ್ಲಿ 3 ವರ್ಷದವರೆಗೆ. ನಿರ್ಲಕ್ಷ್ಯದಿಂದ ಸಾವಾದರೆ ಸೆಕ್ಷನ್ 106ರಲ್ಲಿ 5 ವರ್ಷದವರೆಗೆ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕಟ್ಟಡ ಕಾರ್ಮಿಕರ ಮೇಲೆ ಕಾರು ಹರಿದು 7 ಜನ ಸತ್ತರು. ಬರೀ ನಿರ್ಲಕ್ಷ್ಯ ಎನ್ನದೆ ಕೊಲೆಯಲ್ಲದ ನರಹತ್ಯೆಯ ಸೆಕ್ಷನ್ನಿನಡಿ ಚಾಲಕನಿಗೆ ಆದ 3 ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರೇ ವರ್ಷವಾ ಎಂದು ಯಾರಿಗಾದರೂ ಅನಿಸುತ್ತದೆ.

ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು?

ಮೋಟಾರು ನ್ಯಾಯಮಂಡಳಿಗೆ 6 ತಿಂಗಳು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ತಡವಾಯಿತೆಂಬ ಕಾರಣಕ್ಕೇ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಅದನ್ನು ನಂಬಿ ಕೂರದೆ 6 ತಿಂಗಳೊಳಗೆ ಹಾಕಿಬಿಡಿ. ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಕಾರ್ಮಿಕ ಪರಿಹಾರಕ್ಕೆ 2 ವರ್ಷ ಇದೆ, ಆದರೆ ಅಪಘಾತದ ವಿಷಯವನ್ನು ಮಾಲೀಕರಿಗೆ ಕೂಡಲೇ ಬರವಣಿಗೆಯಲ್ಲಿ ತಿಳಿಸಿ.

ಪೊಲೀಸರಿಗೂ ಗಡುವಿದೆ. 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ಅಪಘಾತ ವರದಿ ನ್ಯಾಯಮಂಡಳಿಗೆ ಹೋಗಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬೇಕು. ಠಾಣೆಗೆ ಹೋದಾಗ ‘ವಿವರವಾದ ವರದಿ ಕಳಿಸಿದಿರಾ ಸರ್, ನನಗೊಂದು ಪ್ರತಿ ಕೊಡಿ’ ಎಂದು ಕೇಳಿ, ಅದರಲ್ಲಿ ನೀವು ಡ್ಯೂಟಿಯಲ್ಲಿದ್ದ ವಿಷಯ ಮತ್ತು ಚಾಲಕನ ರಕ್ತ ಪರೀಕ್ಷೆಯ ಫಲಿತಾಂಶ ಎರಡೂ ಇವೆಯಾ ಎಂದು ಅಲ್ಲೇ ನಿಂತು ಓದಿ ನೋಡಿ.